ಎಸ್ಟೇಟ್ ಸೇಲ್‌ನಲ್ಲಿ ಹಳೇ ಫರ್ನಿಚರ್ ಕೊಳ್ಳುವುದು ಹೇಗೆ? ಮೊದಲು ಡ್ರಾಯರ್ ಎಳೆದು ನೋಡಿ

ಅಮೆರಿಕದಲ್ಲಿ ಹಳೇ ಕಾಲದ ಮರದ ಸಾಮಾನು ಬೇಕು ಅಂದರೆ ಆಂಟಿಕ್ ಅಂಗಡಿಗೇ ಹೋಗಬೇಕು ಅಂತೇನಿಲ್ಲ. ಅಂಗಡಿಯವರು ಎಷ್ಟೋ ಸಲ ಮಾಲು ಎಲ್ಲಿಂದ ತರುತ್ತಾರೋ ಅಲ್ಲಿಗೇ ನೀವೂ ಹೋಗಬಹುದು. ಮನೆಯ ಹಿರಿಯರು ತೀರಿಕೊಂಡಾಗ, ಇಲ್ಲವೇ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವಾಗ, ಒಳಗಿರುವ ಸಾಮಾನನ್ನೆಲ್ಲ ಆ ಮನೆಯಲ್ಲೇ ಬೆಲೆ ಚೀಟಿ ಕಟ್ಟಿ ಮಾರುತ್ತಾರೆ. ಇದೇ ಎಸ್ಟೇಟ್ ಸೇಲ್. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನ ನಡೆಯುತ್ತದೆ, ಹೆಚ್ಚಾಗಿ ವಾರದ ಕೊನೆಯಲ್ಲಿ.

ಈಗ ಕೊಳ್ಳುವವರಿಗೆ ಒಳ್ಳೆಯ ಕಾಲವೂ ಹೌದು. ಕಂದು ಬಣ್ಣದ, ಭಾರವಾದ ಹಳೇ ಸಾಮಾನಿಗೆ ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಬೇಡಿಕೆ ತುಂಬಾ ಇಳಿದಿದೆ. ಚಿಕ್ಕ ಮನೆಗಳು, ಪದೇ ಪದೇ ಊರು ಬದಲಿಸುವ ಕುಟುಂಬಗಳು. ದೊಡ್ಡ ಊಟದ ಮೇಜು, ಎತ್ತರದ ಕಪಾಟು ಯಾರಿಗೂ ಬೇಡ. ಹಾಗಾಗಿ ಗಟ್ಟಿ ವಾಲ್ನಟ್ ಮರದ, ಕೈಯಿಂದ ಮಾಡಿದ ಡ್ರಾಯರ್ ಪೆಟ್ಟಿಗೆಯೊಂದು ಅಂಗಡಿಯ ಹೊಸ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟಿಸಿ ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಯ ಬೆಲೆಗೇ ಸಿಗುವುದುಂಟು. ಗುರುತಿಸುವ ಕಣ್ಣು ಬೇಕು, ಅಷ್ಟೇ. ಆ ಕಣ್ಣು ಕಲಿತು ಬರುವಂಥದ್ದು. ನಾನು ಒತ್ತಿ ಹೇಳುವ ಮಾತು ಒಂದೇ: ಸಾಮಾನಿನ ಮುಂಭಾಗ ನೋಡಿ ಮರುಳಾಗಬೇಡಿ. ಹಿಂಬದಿ, ಅಡಿಭಾಗ, ಡ್ರಾಯರ್‌ನ ಒಳಗು ನೋಡಿ ತೀರ್ಮಾನಿಸಿ. ಮುಂಭಾಗವನ್ನು ಯಾರು ಬೇಕಾದರೂ ಹಳೆಯದರಂತೆ ಮಾಡಬಹುದು. ಯಾರೂ ನೋಡದ ಜಾಗಕ್ಕೆ ಅಷ್ಟು ಶ್ರಮ ಹಾಕುವವರು ಬಹಳ ಕಡಿಮೆ.

ಮೊದಲ ಹೆಜ್ಜೆ: ಯಾವ ಮನೆಗೆ ಹೋಗಬೇಕು

ಎಸ್ಟೇಟ್‌ಸೇಲ್ಸ್ ಡಾಟ್ ನೆಟ್‌ನಂಥ ತಾಣಗಳಲ್ಲಿ ನಿಮ್ಮ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಹಾಕಿದರೆ ಸುತ್ತಮುತ್ತ ನಡೆಯಲಿರುವ ಸೇಲ್‌ಗಳ ಪಟ್ಟಿ ಬರುತ್ತದೆ. ಫೋಟೋಗಳೂ ಇರುತ್ತವೆ. ಪೂರ್ತಿ ವಿಳಾಸವನ್ನು ಎಷ್ಟೋ ಸಲ ಹಿಂದಿನ ದಿನವೋ, ಅದೇ ಬೆಳಿಗ್ಗೆಯೋ ಹಾಕುತ್ತಾರೆ. ಬಡಾವಣೆ ಯಾವುದು ಅನ್ನುವುದು ಮಾತ್ರ ಮೊದಲೇ ಗೊತ್ತಾಗುತ್ತದೆ. ಆಯ್ಕೆ ಮಾಡಲು ಅಷ್ಟು ಸಾಕು.

ಎರಡನೇ ಮಹಾಯುದ್ಧಕ್ಕಿಂತ ಮೊದಲು ಕಟ್ಟಿದ ಮನೆಗಳಿರುವ ಹಳೇ ಬಡಾವಣೆಗಳನ್ನು ಮೊದಲು ನೋಡಿ. ಒಂದೇ ಕುಟುಂಬ ಹತ್ತಾರು ವರ್ಷ ಇದ್ದ ಮನೆಯಾದರೆ ಇನ್ನೂ ಒಳ್ಳೆಯದು. ವಿವರಣೆಯಲ್ಲಿ ಅಂಥ ಮಾತೇನಾದರೂ ಇದೆಯಾ ಹುಡುಕಿ. ಅಜ್ಜನ ಕಾಲದ ಸಾಮಾನು ಇಂಥ ಮನೆಗಳಲ್ಲೇ ಅಟ್ಟ ಸೇರಿ ಕೂತಿರುತ್ತದೆ.

ಫೋಟೋ ನೋಡುವಾಗ ನಡುವಿನಲ್ಲಿ ಮಿಂಚುವ ವಸ್ತುವಿಗಿಂತ ಅಂಚುಗಳಲ್ಲಿ ಅರ್ಧಂಬರ್ಧ ಕಾಣುವುದನ್ನು ಗಮನಿಸಿ. ಬೇಸ್‌ಮೆಂಟ್‌ನಲ್ಲಿ ಪೇಂಟ್ ಡಬ್ಬಿ ಹೊತ್ತು ನಿಂತ ಮೇಜು, ಗ್ಯಾರೇಜಿನಲ್ಲಿ ಸ್ಪ್ಯಾನರ್ ತುಂಬಿದ ಡ್ರಾಯರ್ ಪೆಟ್ಟಿಗೆ, ಅಟ್ಟದ ಮೂಲೆಯಲ್ಲಿರುವ ಪೆಟಾರಿ. ಬೈಠಕ್‌ಖಾನೆಯ ಸಾಮಾನಿನ ಮೇಲೆ ಎಲ್ಲರ ಕಣ್ಣೂ ಇರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಈ ಮೂಲೆಯ ಸಾಮಾನಿಗೆ ಕೊನೆಯಲ್ಲಿ, ಅವಸರದಲ್ಲಿ ಬೆಲೆ ಹಾಕಿರುತ್ತಾರೆ.

ಪದಗಳನ್ನೂ ಎಚ್ಚರದಿಂದ ಓದಿ. ‘ಚಿಪ್ಪೆಂಡೇಲ್’ (18ನೇ ಶತಮಾನದ ಇಂಗ್ಲಿಷ್ ಬಡಗಿಯ ಹೆಸರಿನಿಂದ ಬಂದ ಶೈಲಿ) ಅಂತ ಬರೆದರೆ ಒಂದು ಅರ್ಥ, ‘ಚಿಪ್ಪೆಂಡೇಲ್ ಸ್ಟೈಲ್’ ಅಂದರೆ ಇನ್ನೊಂದು. ಎರಡನೆಯದು ನಕಲು ಅಂತ ಅವರೇ ಒಪ್ಪಿಕೊಂಡ ಹಾಗೆ. ‘ವಿಂಟೇಜ್’ ಅಂದರೆ ಆಂಟಿಕ್ ಅಲ್ಲ. ಅಮೆರಿಕದ ಕಸ್ಟಮ್ಸ್ ಲೆಕ್ಕದಲ್ಲಿ ಆಂಟಿಕ್ ಎನಿಸಿಕೊಳ್ಳಲು ವಸ್ತುವಿಗೆ 100 ವರ್ಷ ದಾಟಿರಬೇಕು. ಮಾರುವವರು ಇಷ್ಟು ಕಟ್ಟುನಿಟ್ಟಾಗಿ ಪದ ಬಳಸುವುದಿಲ್ಲ. ನೀವಾದರೂ ಈ ಗೆರೆ ನೆನಪಿಟ್ಟುಕೊಳ್ಳಿ.

ಕೆಲವು ಸೇಲ್‌ಗಳು ಆನ್‌ಲೈನ್ ಹರಾಜಿನ ರೂಪದಲ್ಲಿ ನಡೆಯುತ್ತವೆ. ಅಲ್ಲಿ ನಿಮ್ಮ ಬಿಡ್ ಮೇಲೆ ‘ಬಯರ್ಸ್ ಪ್ರೀಮಿಯಂ’ ಅಂತ ಶೇಕಡಾವಾರು ಹಣ ಸೇರುತ್ತದೆ. ಸಾಮಾನನ್ನು ಮುಟ್ಟಿ ನೋಡುವ ದಿನ ಇಟ್ಟಿಲ್ಲದಿದ್ದರೆ ಹೊಸಬರು ಅಂಥ ಹರಾಜಿನಿಂದ ದೂರವಿರುವುದೇ ಮೇಲು.

ಎರಡನೇ ಹೆಜ್ಜೆ: ಕೈಯಲ್ಲೇನಿರಬೇಕು

ಟೇಪು, ಟಾರ್ಚು, ಚಿಕ್ಕ ಅಯಸ್ಕಾಂತ, ಹಳೇ ಕಂಬಳಿ, ಹಗ್ಗ. ಮೊಬೈಲ್ ಹೇಗೂ ಇರುತ್ತದೆ. ಹೊರಡುವ ಮೊದಲು ನಿಮ್ಮ ಮನೆ ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು, ಸಾಮಾನು ಇಡುವ ಜಾಗ, ಗಾಡಿಯ ಒಳ ಅಳತೆ ಎಲ್ಲ ಬರೆದಿಟ್ಟುಕೊಳ್ಳಿ. ಅಲ್ಲಿ ನಿಂತು ಅಂದಾಜು ಮಾಡಲು ಹೋದರೆ ಆಸೆಗೆ ಬಿದ್ದು ಎಲ್ಲವೂ ಹಿಡಿಸುತ್ತದೆ ಅನಿಸಿಬಿಡುತ್ತದೆ!

ಅಯಸ್ಕಾಂತ ಏಕೆ ಅಂದರೆ, ಗಟ್ಟಿ ಹಿತ್ತಾಳೆಗೆ ಅದು ಅಂಟುವುದಿಲ್ಲ. ಹಿಡಿಗೆ ಅಂಟಿತು ಅಂದರೆ ಕಬ್ಬಿಣದ ಮೇಲೆ ಹಿತ್ತಾಳೆ ಲೇಪ ಅಂತ ಅರ್ಥ.

ಮೂರನೇ ಹೆಜ್ಜೆ: ಸಾಲು, ನಂಬರು, ಚೀಟಿ

ಒಳ್ಳೆಯ ಸೇಲ್‌ಗೆ ವ್ಯಾಪಾರಿಗಳು ಬೆಳಕು ಹರಿಯುವ ಮೊದಲೇ ಬಂದಿರುತ್ತಾರೆ. ಕೆಲವು ಕಡೆ ಬಾಗಿಲ ಬಳಿ ಹೆಸರು ಬರೆಯುವ ಹಾಳೆ ಇಡುತ್ತಾರೆ. ಕೆಲವು ಕಡೆ ನಂಬರು ಕೊಡುತ್ತಾರೆ. ಇನ್ನು ಕೆಲವು ಕಡೆ ಬರೀ ಸಾಲು. ಮನೆ ತುಂಬಿಕೊಳ್ಳದಂತೆ ಒಂದಷ್ಟು ಜನರನ್ನು ಮಾತ್ರ ಒಳಗೆ ಬಿಟ್ಟು, ಒಬ್ಬರು ಹೊರಬಂದಂತೆ ಇನ್ನೊಬ್ಬರನ್ನು ಬಿಡುತ್ತಾರೆ. ನಿಯಮ ಏನು ಅಂತ ಪ್ರಕಟಣೆಯಲ್ಲೇ ಬರೆದಿರುತ್ತಾರೆ, ಓದಿಕೊಂಡು ಹೋಗಿ.

ಒಳಗೆ ಹೋದ ಮೇಲೆ, ಫೋಟೋದಲ್ಲಿ ಮೆಚ್ಚಿದ ಸಾಮಾನು ಇರುವ ಕೋಣೆಗೆ ನೇರವಾಗಿ ಹೋಗಿ. ದೊಡ್ಡ ಸಾಮಾನಿನ ಬೆಲೆ ಚೀಟಿಯ ಕೆಳಭಾಗ ಎಷ್ಟೋ ಕಡೆ ಹರಿದುಕೊಳ್ಳುವಂತೆ ಇರುತ್ತದೆ. ಆ ತುಂಡು ನಿಮ್ಮ ಕೈಯಲ್ಲಿದ್ದರೆ ಸಾಮಾನು ನಿಮ್ಮದು, ದುಡ್ಡು ಕೊಡುವವರೆಗೆ ಬೇರೆಯವರು ಕೇಳುವಂತಿಲ್ಲ. ಹರಿಯುವ ಮೊದಲು ಅಲ್ಲಿರುವ ಸಿಬ್ಬಂದಿಯನ್ನು ಒಂದು ಮಾತು ಕೇಳಿ, ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ಆದರೆ ಪರೀಕ್ಷೆ ಮಾಡದೆ ಚೀಟಿ ಕಿತ್ತು ಓಡಬೇಡಿ. ಮಾರಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವುದು ಇಲ್ಲಿನ ಸಾಮಾನ್ಯ ನಿಯಮ.

ಇದು ಒಂದು ಕುಟುಂಬ ಬದುಕಿದ ಮನೆ ಅನ್ನುವುದು ಮನಸ್ಸಿನಲ್ಲಿರಲಿ. ಹಗ್ಗ ಕಟ್ಟಿದ ಕೋಣೆಗೆ ಹೋಗಬೇಡಿ. ಡ್ರಾಯರ್‌ನಲ್ಲಿ ಪತ್ರ, ಫೋಟೋ, ದುಡ್ಡು ಸಿಕ್ಕರೆ ಸಿಬ್ಬಂದಿಯ ಕೈಗೆ ಕೊಡಿ. ಮನೆಯವರು ಎಷ್ಟೋ ಸಲ ಅಲ್ಲೇ ಎಲ್ಲೋ ಇರುತ್ತಾರೆ. ಅವರ ತಾಯಿಯ ಮೇಜಿನ ಬಗ್ಗೆ ಜೋರಾಗಿ ಹೀಯಾಳಿಸಿ ಬೆಲೆ ಇಳಿಸಲು ನೋಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನಾಲ್ಕನೇ ಹೆಜ್ಜೆ: ಡ್ರಾಯರ್ ಎಳೆಯಿರಿ

ಹೊಸಬರು ಕುರ್ಚಿಯಿಂದಲ್ಲ, ಡ್ರಾಯರ್ ಪೆಟ್ಟಿಗೆಯಿಂದ ಕಲಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಕುರ್ಚಿಯಲ್ಲಿ ಓದಲು ಸಿಗುವುದು ಕಡಿಮೆ. ಒಂದು ಡ್ರಾಯರ್‌ನಲ್ಲಿ ಮರ, ಜೋಡಣೆ, ಗರಗಸದ ಗುರುತು, ಮೊಳೆ, ಹಿಡಿ, ಸವೆತ ಎಲ್ಲ ಒಟ್ಟಿಗೆ ಇರುತ್ತದೆ. ಒಂದನ್ನು ಪೂರ್ತಿ ಹೊರಗೆಳೆದು, ಬೆಳಕಿರುವ ಕಡೆ ತಿರುಗಿಸಿ ಹಿಡಿಯಿರಿ.

ಮೊದಲು ಮುಂದಿನ ಹಲಗೆ ಮತ್ತು ಪಕ್ಕದ ಹಲಗೆ ಸೇರುವ ಮೂಲೆ. ಬೀಸಣಿಗೆ ಬಿಚ್ಚಿದಂತೆ ಅಗಲವಾಗುವ ಹಲ್ಲುಗಳು ಒಂದರೊಳಗೊಂದು ಕೂತಿರುತ್ತವೆ. ಇದು ಡವ್‌ಟೇಲ್ ಜೋಡಣೆ. ಕೈಯಿಂದ ಕೊರೆದದ್ದಾದರೆ ಹಲ್ಲುಗಳ ಸಂಖ್ಯೆ ಕಡಿಮೆ. ಒಂದು ಅಗಲ, ಇನ್ನೊಂದು ಕಿರಿದು, ನಡುವಿನ ಅಂತರದಲ್ಲೂ ಚೂರು ಹೆಚ್ಚುಕಡಿಮೆ. ಹಲ್ಲಿನ ಬುಡದಲ್ಲಿ ಬಡಗಿ ಚೂಪು ಮೊನೆಯಿಂದ ಎಳೆದ ಸಣ್ಣ ಗೀರು ಇನ್ನೂ ಕಾಣುತ್ತದೆ. ಇಲ್ಲಿಯವರೆಗೆ ಕೊರೆಯಬೇಕು ಅಂತ ತನಗೇ ಹಾಕಿಕೊಂಡ ಗೆರೆ ಅದು. ಕೆಲವು ಕಡೆ ಗರಗಸ ಆ ಗೆರೆಯನ್ನು ಒಂದಿಷ್ಟು ದಾಟಿರುತ್ತದೆ. ಇಂಥ ಸಣ್ಣ ಗುರುತುಗಳು ಕೈಕೆಲಸಕ್ಕೆ ಒಳ್ಳೆಯ ಸಾಕ್ಷಿ.

ಹಲ್ಲುಗಳು ಎಲ್ಲವೂ ಒಂದೇ ಅಳತೆ, ಅಂತರವೂ ಕರಾರುವಾಕ್ಕು ಅಂದರೆ ಯಂತ್ರದ ಕೆಲಸ. ಅಮೆರಿಕದಲ್ಲಿ ಇದು ವ್ಯಾಪಕವಾದದ್ದು 1890ರ ಸುಮಾರಿನಿಂದ. ಇವೆರಡರ ನಡುವೆ ಒಂದು ವಿಶೇಷ ಜೋಡಣೆ ಇದೆ. ಹಲ್ಲಿನ ಬದಲು ಅರ್ಧಚಂದ್ರದ ಸಾಲು, ಪ್ರತಿ ಅರ್ಧಚಂದ್ರದ ನಡುವೆ ಗುಂಡನೆಯ ಒಂದು ಗೂಟ. ವಿಸ್ಕಾನ್ಸಿನ್‌ನ ಚಾರ್ಲ್ಸ್ ನ್ಯಾಪ್ ಇದನ್ನು ಮಾಡುವ ಯಂತ್ರಕ್ಕೆ 1867ರಲ್ಲಿ ಪೇಟೆಂಟ್ ಪಡೆದರು. ಈ ಜೋಡಣೆ ಚಾಲ್ತಿಯಲ್ಲಿದ್ದದ್ದು ಹೆಚ್ಚುಕಡಿಮೆ 1870ರಿಂದ 1900ರವರೆಗೆ ಮಾತ್ರ. ಆಮೇಲೆ ಡವ್‌ಟೇಲ್ ಯಂತ್ರಗಳು ಬಂದು ಇದು ಮೂಲೆ ಸೇರಿತು. ಹಾಗಾಗಿ ಅರ್ಧಚಂದ್ರ ಕಂಡರೆ ಕಾಲವನ್ನು ಮೂವತ್ತು ವರ್ಷದ ಒಳಗೆ ಹಿಡಿದ ಹಾಗಾಯಿತು. ಇಷ್ಟು ಸ್ಪಷ್ಟವಾದ ಸುಳಿವು ಫರ್ನಿಚರ್‌ನಲ್ಲಿ ಸಿಗುವುದು ಅಪರೂಪ.

ಈಗ ಡ್ರಾಯರ್ ಮಗುಚಿ. ಅಡಿಹಲಗೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರೆ ಗರಗಸದ ಗುರುತು ಏಳುತ್ತದೆ. ನೇರ ಗೆರೆಗಳು, ಅಂತರ ಏರುಪೇರು ಇದ್ದರೆ ಹಳೇ ಕಾಲದ ಕೈ ಗರಗಸವೋ, ಮೇಲೆ ಕೆಳಗೆ ಆಡುವ ಮಿಲ್ ಗರಗಸವೋ ಇರಬೇಕು. ಬಿಲ್ಲಿನಂತೆ ಬಾಗಿದ ಗೆರೆಗಳಿದ್ದರೆ ವೃತ್ತಾಕಾರದ ಗರಗಸ. ಅದು ಅಮೆರಿಕದ ಮಿಲ್‌ಗಳಲ್ಲಿ ಹರಡಿದ್ದು 1830ರ ನಂತರ. 1780ರ ಸಾಮಾನು ಅಂತ ಹೇಳಿ ಮೂಲ ಹಲಗೆಯಲ್ಲೇ ಬಾಗಿದ ಗೆರೆ ಕಂಡರೆ ನಂಬಬೇಡಿ. ಅಂಗೈಯನ್ನು ಹಲಗೆಯ ಮೇಲೆ ಅಡ್ಡಡ್ಡ ಆಡಿಸಿ. ಕೈ ಹತ್ತರಿ ಹೊಡೆದ ಹಲಗೆಯಾದರೆ ಸಣ್ಣ ಏರು ತಗ್ಗು ಕಣ್ಣಿಗಿಂತ ಮೊದಲು ಬೆರಳಿಗೇ ತಿಳಿಯುತ್ತದೆ. ಅಡಿ ಪ್ಲೈವುಡ್ ಆಗಿದ್ದರೆ ಡ್ರಾಯರ್ 20ನೇ ಶತಮಾನದ್ದು, ಇಲ್ಲವೇ ಆಮೇಲೆ ಬದಲಾಯಿಸಿದ್ದು.

ಒಳಗಿನ ಮರ ಯಾವುದು ಅಂತ ನೋಡಿ. ಮುಂದೆ ಮಹಾಗನಿಯೋ ವಾಲ್ನಟ್ಟೋ ಇದ್ದರೂ ಒಳಗೆ ಅಗ್ಗದ ಮರ ಹಾಕುವುದು ಹಳೇ ಬಡಗಿಗಳ ರೂಢಿ. ಇದು ಮೋಸ ಅಲ್ಲ. ಅಮೆರಿಕದಲ್ಲಿ ಪೈನ್, ಹಸಿರು ಛಾಯೆಯ ಪಾಪ್ಲರ್, ಕೆಲವು ಕಡೆ ಚೆಸ್ಟ್‌ನಟ್ ಬಳಸುತ್ತಿದ್ದರು. ಚೆಸ್ಟ್‌ನಟ್ ಸಿಕ್ಕರೆ ಒಂದು ಕ್ಷಣ ನಿಂತು ನೋಡಿ. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದ ಒಂದು ಶಿಲೀಂಧ್ರ ರೋಗ ಮುಂದಿನ ಐವತ್ತು ವರ್ಷಗಳೊಳಗೆ ಅಮೆರಿಕದ ಕಾಡುಗಳಿಂದ ಈ ಮರವನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. ಕೋಟಿಗಟ್ಟಲೆ ಮರಗಳು ಸತ್ತವು. ಅಂಥ ಮರದ ಹಲಗೆ ಯಾರೂ ನೋಡದ ಡ್ರಾಯರ್ ಪಕ್ಕದಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಅನ್ನುವುದೇ ನನಗೆ ಈ ಹುಡುಕಾಟದ ದೊಡ್ಡ ಖುಷಿ.

ಕೊನೆಗೆ ಸವೆತ. ನೂರು ವರ್ಷ ಎಳೆದು ತಳ್ಳಿದ ಡ್ರಾಯರ್‌ನ ಪಕ್ಕದ ಹಲಗೆ ಕೆಳಅಂಚಿನಲ್ಲಿ ತಗ್ಗು ಬಿದ್ದಿರುತ್ತದೆ, ಹಿಂಭಾಗದಲ್ಲಿ ಇನ್ನೂ ಜಾಸ್ತಿ. ಅದು ಜಾರುವ ಪಟ್ಟಿಯಲ್ಲೂ ಅದಕ್ಕೆ ಸರಿಯಾದ ಹಳ್ಳ ಇರಬೇಕು. ಡ್ರಾಯರ್ ಸವೆದಿದೆ, ಪಟ್ಟಿ ಹೊಸದು ಅಂದರೆ ರಿಪೇರಿ ಆಗಿದೆ. ಅದು ತಪ್ಪೇನಲ್ಲ, ಬೆಲೆಯಲ್ಲಿ ಲೆಕ್ಕ ಹಿಡಿಯಿರಿ ಅಷ್ಟೇ. ಸವೆತ ಕೈಕಾಲು ತಾಗುವ ಜಾಗದಲ್ಲಿರಬೇಕು. ಯಾರೂ ಮುಟ್ಟದ ಮೂಲೆಯಲ್ಲೂ ಸಮನಾಗಿ ಗೀಚು, ತೂತು ಇದ್ದರೆ ಸುಮ್ನೆ ಹಳೆಯದಾಗಿ ಕಾಣಲಿ ಅಂತ ಸರಪಳಿಯಲ್ಲಿ ಹೊಡೆದಿರಬಹುದು.

ಐದನೇ ಹೆಜ್ಜೆ: ಮೊಳೆ, ಸ್ಕ್ರೂ, ಹಿಡಿ

ಹಳೇ ಮೊಳೆಗಳನ್ನು ಕಮ್ಮಾರರು ಒಂದೊಂದಾಗಿ ಬಡಿದು ಮಾಡುತ್ತಿದ್ದರು. ತಲೆಯ ಮೇಲೆ ಸುತ್ತಿಗೆ ಏಟಿನ ಚಪ್ಪಟೆಗಳು ಕಾಣುತ್ತವೆ. 1790ರ ನಂತರ ಕಬ್ಬಿಣದ ತಗಡಿನಿಂದ ಯಂತ್ರದಲ್ಲಿ ಕತ್ತರಿಸಿದ ಚೌಕ ಮೊಳೆಗಳು ಬಂದವು. ಈಗ ನಮಗೆ ಗೊತ್ತಿರುವ ಗುಂಡು ತಂತಿ ಮೊಳೆ ಎಲ್ಲೆಡೆ ಬಂದದ್ದು 1890ರ ಹೊತ್ತಿಗೆ.

ಸ್ಕ್ರೂ ಇನ್ನೂ ಚೆನ್ನಾಗಿ ಕಥೆ ಹೇಳುತ್ತದೆ. 1840ರ ದಶಕದ ಮೊದಲಿನ ಸ್ಕ್ರೂಗಳಿಗೆ ಚೂಪು ತುದಿಯೇ ಇರುತ್ತಿರಲಿಲ್ಲ, ಮೊಂಡಾಗಿರುತ್ತಿತ್ತು. ತಲೆಯ ಸೀಳು ಎಷ್ಟೋ ಸಲ ಸರಿ ನಡುವೆ ಇರುವುದಿಲ್ಲ. ಚೂಪು ತುದಿಯ ಸ್ಕ್ರೂ ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ. ತಲೆಯಲ್ಲಿ ಕೂಡಿಸುವ ಗುರುತಿನ ಫಿಲಿಪ್ಸ್ ಸ್ಕ್ರೂಗೆ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಅಂದರೆ ವಿಕ್ಟೋರಿಯನ್ (19ನೇ ಶತಮಾನದ್ದು) ಅಂತ ಚೀಟಿ ಹಾಕಿದ ಕಪಾಟಿನ ಕೀಲಿನಲ್ಲಿ ಫಿಲಿಪ್ಸ್ ಸ್ಕ್ರೂ ಇದ್ದರೆ, ಒಂದೋ ಕೀಲು ಬದಲಾಗಿದೆ, ಇಲ್ಲವೇ ಕಪಾಟೇ ಅಷ್ಟು ಹಳೆಯದಲ್ಲ. ಒಂದೇ ಸ್ಕ್ರೂ ನೋಡಿ ತೀರ್ಪು ಕೊಡಬೇಡಿ. ಸುತ್ತಲಿನ ಮರದ ಕಲೆ, ಹಳೇ ಸ್ಕ್ರೂವಿನ ಖಾಲಿ ತೂತು ಇದೆಯಾ ನೋಡಿ.

ಹಿಡಿಗಳ ವಿಷಯ ಸುಲಭ. ಡ್ರಾಯರ್‌ನ ಒಳಗಿನಿಂದ ಮುಂದಿನ ಹಲಗೆ ನೋಡಿ. ಒಂದು ಹಿಡಿಗೆ ಬೇಕಾದಷ್ಟೇ ತೂತು ಇದ್ದರೆ ಹಿಡಿ ಮೊದಲಿನದ್ದೇ ಇರಬಹುದು. ಮುಚ್ಚಿದ ಹೆಚ್ಚುವರಿ ತೂತುಗಳಿದ್ದರೆ ಕಾಲಕ್ಕೆ ತಕ್ಕ ಫ್ಯಾಶನ್‌ಗೆ ಯಾರೋ ಬದಲಾಯಿಸಿದ್ದಾರೆ. ನೂರೈವತ್ತು ವರ್ಷದ ಸಾಮಾನಿಗೆ ಇದು ತೀರಾ ಸಾಮಾನ್ಯ, ಬಳಸುವ ಉದ್ದೇಶಕ್ಕೆ ಕೊಳ್ಳುವವರು ತಲೆಕೆಡಿಸಿಕೊಳ್ಳಬೇಕಿಲ್ಲ.

ಆರನೇ ಹೆಜ್ಜೆ: ಇಡೀ ಸಾಮಾನು ಒಂದೇನಾ?

ಎರಡು ಭಾಗದ ಸಾಮಾನಿನಲ್ಲಿ, ಅಂದರೆ ಕೆಳಗೆ ಡ್ರಾಯರ್ ಮೇಲೆ ಗಾಜಿನ ಕಪಾಟು ಇರುವಂಥದ್ದರಲ್ಲಿ, ಮೇಲಿನದ್ದು ಕೆಳಗಿನದ್ದು ಬೇರೆ ಬೇರೆ ಕಡೆಯಿಂದ ಬಂದು ಜೊತೆಯಾಗಿರುವುದುಂಟು. ವ್ಯಾಪಾರದಲ್ಲಿ ಇದಕ್ಕೆ ‘ಮ್ಯಾರೇಜ್’ ಅಂತಾರೆ. ಸಾಮಾನನ್ನು ಗೋಡೆಯಿಂದ ಸರಿಸಲು ಅನುಮತಿ ಕೇಳಿ ಹಿಂಬದಿ ನೋಡಿ. ಎರಡೂ ಭಾಗದ ಹಿಂದಿನ ಹಲಗೆ ಒಂದೇ ಮರವಾ? ಬಣ್ಣ ಒಂದೇ ರೀತಿ ಕಪ್ಪಾಗಿದೆಯಾ? ಡವ್‌ಟೇಲ್ ಒಂದೇ ಕೈಯದ್ದಾ? ಕೆಳಭಾಗದ ಮೇಲ್ಮೈ ಪೂರ್ತಿ ಪಾಲಿಶ್ ಆಗಿದ್ದರೆ ಅನುಮಾನ ಪಡಿ. ಕಪಾಟು ಕೂರುವ ಜಾಗಕ್ಕೆ ಒಳ್ಳೆಯ ಮರ ಹಾಕಿ ಹೊಳಪು ಕೊಡುವ ಗೊಡವೆಗೆ ಬಡಗಿಗಳು ಹೋಗುತ್ತಿರಲಿಲ್ಲ.

ಗುಂಡು ಮೇಜಿನ ಸತ್ಯ ಟೇಪಿನಲ್ಲಿದೆ. ಮರ ಒಣಗುತ್ತಾ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಗಟ್ಟಿ ಹಲಗೆಯಿಂದ ಮಾಡಿದ ಹಳೇ ಗುಂಡು ಮೇಜು ಈಗ ಸರಿ ಗುಂಡಾಗಿರುವುದಿಲ್ಲ. ಎರಡೂ ದಿಕ್ಕಿಗೆ ಅಳೆಯಿರಿ. ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದರೆ ಖುಷಿಪಡಿ. ಅಳತೆ ಕರಾರುವಾಕ್ಕಾಗಿ ಒಂದೇ ಬಂದರೆ ಇನ್ನೊಂದು ಸಲ ಯೋಚಿಸಿ.

ವೆನೀರ್, ಅಂದರೆ ಬೇರೆ ಮರದ ಮೇಲೆ ಅಂಟಿಸುವ ಒಳ್ಳೆಯ ಮರದ ತೆಳು ಪದರ, ಅಂದ ಕೂಡಲೇ ಅಗ್ಗದ್ದು ಅಂತ ಮೂಗು ಮುರಿಯುವುದು ತಪ್ಪು. 18ನೇ ಶತಮಾನದ ಅತ್ಯುತ್ತಮ ಸಾಮಾನುಗಳಲ್ಲೂ ವೆನೀರ್ ಇದೆ. ಎದ್ದು ಬಂದ ಅಂಚು ಸಿಕ್ಕರೆ ದಪ್ಪ ನೋಡಿ. ಕೈ ಗರಗಸದಲ್ಲಿ ಸೀಳಿದ ವೆನೀರ್ ಒಂದೂವರೆ ಎರಡು ಮಿಲಿಮೀಟರ್ ಇರುತ್ತದೆ. ಯಂತ್ರದ ಅಲಗಿನಲ್ಲಿ ಹೆರೆದದ್ದು ಒಂದು ಮಿಲಿಮೀಟರ್‌ಗೂ ತೆಳು.

ಶೈಲಿ ನೋಡಿ ಕಾಲ ಹೇಳುವುದು ಅಮೆರಿಕದಲ್ಲಿ ಇನ್ನೂ ಅಪಾಯ. 1876ರಲ್ಲಿ ದೇಶದ ಶತಮಾನೋತ್ಸವಕ್ಕೆ ಫಿಲಡೆಲ್ಫಿಯಾದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಆಮೇಲೆ ಹಳೇ ವಸಾಹತು ಕಾಲದ ಶೈಲಿಯ ಮೇಲೆ ಜನರಿಗೆ ಒಲವು ಹೆಚ್ಚಿತು. ಕಾರ್ಖಾನೆಗಳು ಆ ನಮೂನೆಯ ಸಾಮಾನನ್ನು ದಂಡಿಯಾಗಿ ಮಾಡಿದವು. ಆ ನಕಲುಗಳಲ್ಲಿ ಎಷ್ಟೋ ಈಗ ನೂರು ವರ್ಷ ದಾಟಿವೆ, ಗಟ್ಟಿಯಾಗಿಯೂ ಇವೆ. ಅವನ್ನು 1900ರ ಸಾಮಾನು ಅಂತ ತಿಳಿದು ಆ ಬೆಲೆಗೆ ಕೊಂಡರೆ ನಷ್ಟವಿಲ್ಲ. 1760ರದ್ದು ಅಂತ ಕೊಂಡರೆ ಕೆಟ್ಟಿರಿ.

ಗುರುತಿನ ಚೀಟಿ, ಮುದ್ರೆಗಳನ್ನು ಹುಡುಕಿ: ಡ್ರಾಯರ್‌ನ ಒಳಗೋಡೆ, ಹಿಂಬದಿ, ಕುರ್ಚಿ ಸೀಟಿನ ಅಡಿ. ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ಒಂದು ಕಾಲಕ್ಕೆ ಅಮೆರಿಕದ ಫರ್ನಿಚರ್ ರಾಜಧಾನಿ. ಅಲ್ಲಿನ ಬರ್ಕಿ ಅಂಡ್ ಗೇಯಂಥ ಕಂಪನಿಗಳ ಹೆಸರು ಆಗಾಗ ಸಿಗುತ್ತದೆ. ಗುಸ್ತಾವ್ ಸ್ಟಿಕ್ಲಿಯ ಓಕ್ ಸಾಮಾನಿನ ಮೇಲೆ ಬಡಗಿಯ ಕೈವಾರದ ಗುರುತು ಇರುತ್ತದೆ. ಸಿಕ್ಕರೆ ಅದೃಷ್ಟ, ಆದರೆ ಚೀಟಿಯನ್ನು ಇನ್ನೊಂದರಿಂದ ಬಿಡಿಸಿ ಅಂಟಿಸಲೂಬಹುದು. ಚೀಟಿ ಹೇಳುವುದನ್ನು ಮರ ಒಪ್ಪಬೇಕು.

ಏಳನೇ ಹೆಜ್ಜೆ: ಯಾವುದನ್ನು ಬಿಟ್ಟು ಬರಬೇಕು

ಮರದಲ್ಲಿ ಒಂದೆರಡು ಮಿಲಿಮೀಟರ್‌ನ ಸಣ್ಣ ಗುಂಡು ತೂತುಗಳಿದ್ದರೆ ಹುಳ ಹೊರಬಂದ ಗುರುತು. ತೂತು ಹಳೆಯದಾಗಿ, ಒಳಗೆ ಕಪ್ಪಾಗಿದ್ದರೆ ಗಾಬರಿ ಬೇಡ. ತಟ್ಟಿದಾಗ ಹೊಸ ತಿಳಿ ಪುಡಿ ಉದುರಿದರೆ ಹುಳ ಇನ್ನೂ ಒಳಗಿರಬಹುದು. ನಾನಾದರೆ ಅದನ್ನು ಕೊಳ್ಳುವುದಿಲ್ಲ. ಬಟ್ಟೆ ಹೊದಿಸಿದ ಸೋಫಾ, ಕುರ್ಚಿಯ ಹೊಲಿಗೆ ಸಂದುಗಳಲ್ಲಿ ಟಾರ್ಚ್ ಹಾಕಿ ತಿಗಣೆ ನೋಡಿ. ಕಪ್ಪು ಚುಕ್ಕಿ, ಸಿಪ್ಪೆ ಕಂಡರೆ ಬೆಲೆ ಎಷ್ಟೇ ಕಡಿಮೆ ಇರಲಿ, ಕೈ ಬಿಡಿ.

ಮಕ್ಕಳಿರುವ ಮನೆಯವರು ಮೂರು ವಿಷಯ ತಿಳಿದಿರಲೇಬೇಕು. ಮೊದಲನೆಯದು ಸೀಡರ್ ಮರದ ಪೆಟಾರಿ. ಲೇನ್ ಮತ್ತು ವರ್ಜೀನಿಯಾ ಮೇಡ್ ಹೆಸರಿನಲ್ಲಿ 1912ರಿಂದ 1987ರವರೆಗೆ ಮಾಡಿದ ಪೆಟಾರಿಗಳ ಬೀಗ, ಮುಚ್ಚಳ ಬಿದ್ದ ಕೂಡಲೇ ತಾನಾಗಿ ಹಾಕಿಕೊಳ್ಳುತ್ತಿತ್ತು. ಒಳಗೆ ಅವಿತ ಮಕ್ಕಳು ಉಸಿರುಗಟ್ಟಿ ಸತ್ತ ಕಾರಣ 1996ರಲ್ಲಿ ಇವುಗಳ ಮೇಲೆ ರೀಕಾಲ್ (ದೋಷ ಸರಿಪಡಿಸಲು ಕೊಡುವ ಕರೆ) ಬಂತು. ಬೀಗ ಬದಲಾಯಿಸದ ಪೆಟಾರಿಗಳು ಎಸ್ಟೇಟ್ ಸೇಲ್‌ಗಳಲ್ಲಿ ಈಗಲೂ ಬರುತ್ತವೆ. ಕೊಂಡರೆ ಮನೆಯೊಳಗೆ ತರುವ ಮೊದಲೇ ಬೀಗ ಕಳಚಿಹಾಕಿ. ಎರಡನೆಯದು ಹಳೇ ಪೇಂಟ್. ಸೀಸ ಇರುವ ಪೇಂಟನ್ನು ಮನೆ ಬಳಕೆಗೆ ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೇ ಪೇಂಟ್ ಏಳುತ್ತಿದ್ದರೆ ಮಕ್ಕಳ ಕೋಣೆಗೆ ಬೇಡ, ಒಣ ಮರಳು ಕಾಗದದಲ್ಲಿ ಉಜ್ಜಲೂ ಬೇಡ. ಮೂರನೆಯದು ಹಳೇ ತೊಟ್ಟಿಲು, ಕ್ರಿಬ್. ಕಂಬಿಗಳ ಅಂತರ ಎಷ್ಟೋ ಸಲ ಈಗಿನ ಸುರಕ್ಷತಾ ನಿಯಮಕ್ಕೆ ಹೊಂದುವುದಿಲ್ಲ. ಗೊಂಬೆ ಮಲಗಿಸಲು ತನ್ನಿ, ಮಗುವನ್ನಲ್ಲ.

ಇನ್ನು ಪ್ರತಿ ಸಾಮಾನನ್ನೂ ಮೆಲ್ಲಗೆ ಅಲುಗಾಡಿಸಿ. ಜೋಡಣೆ ಸಡಿಲವಾಗಿದ್ದರೆ ಚಿಂತೆಯಿಲ್ಲ. ಪ್ರಾಣಿಗಳ ಚರ್ಮ ಬೇಯಿಸಿ ಮಾಡಿದ ಹಳೇ ಅಂಟು ಬಿಸಿ ನೀರಿಗೆ ಕರಗುತ್ತದೆ, ಬಿಚ್ಚಿ ಮತ್ತೆ ಅಂಟಿಸಬಹುದು. ಕಾಲು ಮುರಿದು ಮೊಳೆ ಹೊಡೆದಿದ್ದರೆ, ಇಲ್ಲವೇ ಎಪಾಕ್ಸಿ (ಮತ್ತೆ ಬಿಡಿಸಲಾಗದ ಗಟ್ಟಿ ರಾಸಾಯನಿಕ ಅಂಟು) ಸುರಿದಿದ್ದರೆ ಕೆಲಸ ಕಷ್ಟ, ಖರ್ಚೂ ಜಾಸ್ತಿ.

ಎಂಟನೇ ಹೆಜ್ಜೆ: ಬೆಲೆ ಮಾತು

ಸೇಲ್ ನಡೆಸುವ ಕಂಪನಿಗೆ ಮಾರಾಟದ ಮೇಲೆ ಕಮಿಷನ್ ಸಿಗುತ್ತದೆ. ಕೊನೆಯ ದಿನದೊಳಗೆ ಮನೆ ಖಾಲಿ ಮಾಡಿಕೊಡುವ ಒತ್ತಡವೂ ಇರುತ್ತದೆ. ಇವೆರಡು ಗೊತ್ತಿದ್ದರೆ ಯಾವಾಗ ಬಗ್ಗುತ್ತಾರೆ ಅನ್ನುವುದು ತಾನಾಗಿ ಅರ್ಥವಾಗುತ್ತದೆ. ಮೊದಲ ಬೆಳಿಗ್ಗೆ ಚೌಕಾಸಿ ನಡೆಯುವುದು ಕಡಿಮೆ. ಎರಡನೇ ದಿನ ಸ್ವಲ್ಪ ಇಳಿಯುತ್ತದೆ. ಕೊನೆಯ ದಿನ ಉಳಿದದ್ದಕ್ಕೆ ಅರ್ಧ ಬೆಲೆ ಅನ್ನುವುದು ಬಹಳ ಕಡೆ ಇರುವ ರೂಢಿ.

ಹಾಗಂತ ಎಲ್ಲದಕ್ಕೂ ಕಾಯಬೇಡಿ. ಚಿಕ್ಕದು, ಚಂದದ್ದು, ಕಾರಿನಲ್ಲಿ ಹಿಡಿಸುವಂಥದ್ದು ಮೊದಲ ಗಂಟೆಯಲ್ಲೇ ಹೋಗುತ್ತದೆ. ಭಾರದ ಕಪಾಟು, ಹನ್ನೆರಡು ಜನರ ಮೇಜು ಕೊನೆಯ ಮಧ್ಯಾಹ್ನದವರೆಗೂ ಅಲ್ಲೇ ಇರುತ್ತವೆ. ಕಾಯುವುದಾದರೆ ಅಂಥದ್ದಕ್ಕೆ ಕಾಯಿರಿ. ಮೊದಲ ದಿನ ಬೆಲೆ ಒಗ್ಗದಿದ್ದರೆ ನೀವು ಕೊಡಬಲ್ಲ ಮೊತ್ತ, ಫೋನ್ ನಂಬರ್ ಬರೆದು ಕೊಟ್ಟು ಬನ್ನಿ. ಬಿಡ್ ಪೆಟ್ಟಿಗೆ ಇಡುವ ಕಂಪನಿಗಳಿವೆ, ಸಂಜೆ ಸಾಮಾನು ಉಳಿದಿದ್ದರೆ ಕರೆ ಮಾಡುತ್ತಾರೆ.

ಕೇಳುವಾಗ ಕಾರಣ ಸಮೇತ ಕೇಳಿ. “ಹಿಂದಿನ ಎಡಗಾಲು ರಿಪೇರಿ ಆಗಿದೆ, ಇಷ್ಟಕ್ಕೆ ಬರುತ್ತದಾ?” ಅನ್ನುವ ಮಾತಿಗೆ ಬೆಲೆ ಇದೆ. ಎರಡು ಮೂರು ಸಾಮಾನು ಒಟ್ಟಿಗೆ ಕೊಳ್ಳುವುದಾದರೆ ಒಂದೇ ಮೊತ್ತ ಹೇಳಿ. ಸಾಗಿಸುವ ಖರ್ಚು, ರಿಪೇರಿ ಖರ್ಚು, ಇದ್ದರೆ ಸೇಲ್ಸ್ ಟ್ಯಾಕ್ಸ್ ಎಲ್ಲ ಸೇರಿಸಿ ನಿಮ್ಮ ಮಿತಿಯನ್ನು ಮನಸ್ಸಿನಲ್ಲಿ ಮೊದಲೇ ಗಟ್ಟಿ ಮಾಡಿಕೊಂಡಿರಿ. ದುಡ್ಡು ಕೊಟ್ಟ ಮೇಲೆ ರಸೀದಿ ತೆಗೆದುಕೊಳ್ಳಿ, ಸಾಮಾನಿಗೆ ಮಾರಾಟವಾಯಿತು ಅನ್ನುವ ಚೀಟಿ ಅಂಟಿಸಿದರಾ ನೋಡಿ, ಯಾವಾಗಿನ ಒಳಗೆ ಒಯ್ಯಬೇಕು ಕೇಳಿ. ಸಮಯ ಮೀರಿದರೆ ಸಾಮಾನು ಕೈತಪ್ಪಬಹುದು.

ಒಯ್ಯುವುದು, ಮನೆಯಲ್ಲಿ ಇಳಿಸುವುದು

ಡ್ರಾಯರ್, ಶೆಲ್ಫ್, ಬೀಗದ ಕೈ ಎಲ್ಲ ಮೊದಲು ಹೊರತೆಗೆಯಿರಿ. ಯಾವ ಡ್ರಾಯರ್ ಯಾವ ಜಾಗದ್ದು ಅಂತ ಕೆಳಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೈಯಲ್ಲಿ ಮಾಡಿದ ಡ್ರಾಯರ್‌ಗಳು ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಮೇಜನ್ನು ಮೇಲ್ಹಲಗೆ ಹಿಡಿದು ಎತ್ತಬೇಡಿ, ಅದರ ಕೆಳಗಿನ ಚೌಕಟ್ಟು ಹಿಡಿಯಿರಿ. ಕುರ್ಚಿಯನ್ನು ಅದರ ತೋಳು ಹಿಡಿದಲ್ಲ, ಸೀಟಿನ ಚೌಕಟ್ಟು ಹಿಡಿದು ಎತ್ತಿ. ಅಮೃತಶಿಲೆಯ ಹಲಗೆ ಇದ್ದರೆ ಬಿಚ್ಚಿ, ಗಾಜಿನ ಹಾಗೆ ಅಂಚಿನ ಮೇಲೆ ನಿಲ್ಲಿಸಿ ಒಯ್ಯಿರಿ. ಮಲಗಿಸಿ ಎತ್ತಿದರೆ ತನ್ನ ಭಾರಕ್ಕೇ ನಡುವೆ ಸೀಳುತ್ತದೆ.

ಮನೆಗೆ ತಂದ ಮೇಲೆ ಹೀಟರ್, ನೇರ ಬಿಸಿಲಿನಿಂದ ದೂರ ಇಡಿ. ತಣ್ಣನೆಯ ಬೇಸ್‌ಮೆಂಟ್‌ನಲ್ಲಿದ್ದ ಮರ ಬೆಚ್ಚಗಿನ ಒಣ ಕೋಣೆಗೆ ಬಂದರೆ ಬಿರುಕು ಬಿಡುತ್ತದೆ. ಕೆಲವು ವಾರ ಹೊಂದಿಕೊಳ್ಳಲು ಬಿಡಿ. ಮೆತ್ತನೆಯ ಬ್ರಶ್‌ನಲ್ಲಿ ಧೂಳು ತೆಗೆಯಿರಿ. ಡ್ರಾಯರ್ ಬಿಗಿಯಾಗಿದ್ದರೆ ಜಾರುವ ಅಂಚಿಗೆ ಮೇಣದ ಬತ್ತಿ ಉಜ್ಜಿದರೆ ಸಾಕು.

ಹಳೇ ಪಾಲಿಶ್ ಕಿತ್ತು ಹೊಸದಾಗಿ ಹೊಳೆಯಿಸುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. 19ನೇ ಶತಮಾನದ ಎಷ್ಟೋ ಸಾಮಾನಿನ ಮೇಲಿರುವುದು ಶೆಲ್ಲಾಕ್, ಅಂದರೆ ಅರಗಿನ ಹುಳದಿಂದ ಬಂದ ಪಾಲಿಶ್. ಅಡಿಯಲ್ಲಿ ಕಾಣದ ಜಾಗದಲ್ಲಿ ಹತ್ತಿಯನ್ನು ಡಿನೇಚರ್ಡ್ ಆಲ್ಕೋಹಾಲ್‌ನಲ್ಲಿ (ಕುಡಿಯಲು ಬಾರದ ಸ್ಪಿರಿಟ್) ಅದ್ದಿ ಮುಟ್ಟಿಸಿ. ಅಂಟಂಟಾಗಿ ಕರಗಿದರೆ ಅದು ಶೆಲ್ಲಾಕ್. ಈ ಪರೀಕ್ಷೆ ಕೊಂಡ ಮೇಲೆ ಮಾತ್ರ, ಬೇರೆಯವರ ಮನೆಯಲ್ಲಿ ಅಲ್ಲ. ಶೆಲ್ಲಾಕ್ ಮೇಲೆ ಹೊಸ ಕೋಟ್ ಹಾಕಿದರೆ ಹಳೆಯದರ ಜೊತೆ ಬೆರೆತುಕೊಳ್ಳುತ್ತದೆ. ಹಾಗಾಗಿ ಪೂರ್ತಿ ಕೀಳದೆಯೇ ರಿಪೇರಿ ಮಾಡಬಹುದು. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಮಾತ್ರ ಹಾಕಬೇಡಿ. ಅದು ಮರದ ಸಂದುಗಳಿಗೆ ಇಳಿದರೆ ಮುಂದೆ ಯಾವ ಪಾಲಿಶ್ ಕೂಡ ಸಮನಾಗಿ ಹಿಡಿಯುವುದಿಲ್ಲ. ತೆಳುವಾಗಿ ಪೇಸ್ಟ್ ವ್ಯಾಕ್ಸ್ (ಮರಕ್ಕೆ ಹಚ್ಚುವ ಮೆತ್ತನೆಯ ಮೇಣ) ಹಚ್ಚಿ, ಒಣಗಿದ ಮೇಲೆ ಬಟ್ಟೆಯಲ್ಲಿ ಉಜ್ಜಿ. ಮುಂದೆ ವರ್ಷಕ್ಕೆ ಒಂದೆರಡು ಸಲ ಹೀಗೆ ಮಾಡಿದರೆ ಸಾಕು.